ದಣಿದ ದೇಹಕ್ಕೆ ನಿದ್ದೆ ಬಾರದಿದ್ದಾಗ

ಕ್ಯಾನ್ಸರ್, ಹೃದಯ ವೈಫಲ್ಯ, ಮೂತ್ರಪಿಂಡದ ಕಾಯಿಲೆಗಳಂಥ ತೀವ್ರ ಅನಾರೋಗ್ಯದಲ್ಲಿ ಕಾಡುವ ದಣಿವು ದಿನವಿಡೀ ದುಡಿದು ಬಂದವರ ದಣಿವಿನಂಥದ್ದಲ್ಲ; ರಾತ್ರಿಯೆಲ್ಲ ಮಲಗಿ ಎದ್ದರೂ ಅದು ಇಳಿಯುವುದಿಲ್ಲ. ಇದನ್ನು ಸೋಮಾರಿತನವೆಂದು ಭಾವಿಸುವುದು ರೋಗಿಗೆ ಮಾಡುವ ಅನ್ಯಾಯ. ಕಾಯಿಲೆ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡು ಎಷ್ಟೋ ಮಂದಿ ವೈದ್ಯರ ಮುಂದೆ ಬಾಯಿಬಿಡುವುದೇ ಇಲ್ಲ. ದಯವಿಟ್ಟು ಹೇಳಿಕೊಳ್ಳಿ, ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ, ನೋವು ಮೊದಲಾದ ಹಲವು ಕಾರಣಗಳಿಗೆ ಚಿಕಿತ್ಸೆಯಿದೆ.

ಹೇಳುವ ಮುನ್ನ ಒಂದು ವಾರ ಬರೆದಿಡಿ. ಮಲಗಿದ್ದು ಎಷ್ಟು ಹೊತ್ತಿಗೆ, ಎಚ್ಚರವಾದದ್ದು ಎಷ್ಟು ಹೊತ್ತಿಗೆ, ಎಬ್ಬಿಸಿದ್ದು ನೋವೋ, ಕೆಮ್ಮೋ, ತುರಿಕೆಯೋ, ಚಿಂತೆಯೋ ಎಂಬುದರ ಜೊತೆಗೆ ಹಗಲಿನ ದಣಿವಿಗೆ 0ಯಿಂದ (ದಣಿವೇ ಇಲ್ಲ) 10ರವರೆಗೆ (ತಡೆಯಲಾಗದಷ್ಟು) ಒಂದು ಅಂಕವನ್ನೂ ಗುರುತು ಹಾಕಿ. ದಿನವೂ ನಸುಕಿನ 3 ಗಂಟೆಗೆ ನೋವಿನಿಂದಲೇ ಎಚ್ಚರವಾಗುತ್ತಿದೆ ಎಂಬುದು ಆ ಪುಟದಲ್ಲಿ ಕಂಡರೆ, ಬೇಕಾಗಿರುವುದು ನಿದ್ದೆಮಾತ್ರೆಯಲ್ಲ, ಬೆಳಗಿನವರೆಗೂ ಸಾಲುವ ನೋವುನಿವಾರಕ ಎಂದು ವೈದ್ಯರಿಗೆ ಕೂಡಲೇ ಹೊಳೆಯುತ್ತದೆ. ಅಂಗಾತ ಮಲಗಿದೊಡನೆ ಉಸಿರು ಕಟ್ಟುವುದು, ಕಾಲು ಆಡಿಸದೆ ಇರಲಾಗದ ಚಡಪಡಿಕೆ, ಇವನ್ನೂ ಬಿಡದೆ ಬರೆಯಿರಿ. ಮೊದಲನೆಯದು ಹೃದಯ ಅಥವಾ ಶ್ವಾಸಕೋಶದ ತೊಂದರೆಯ ಸೂಚನೆಯಾಗಿರಬಹುದು, ಎರಡನೆಯದರ ಹಿಂದೆ ಕಬ್ಬಿಣದ ಅಂಶದ ಕೊರತೆ ಇರಬಹುದು.

ಔಷಧ ತೆಗೆದುಕೊಳ್ಳುವ ಹೊತ್ತನ್ನೂ ವಿಚಾರಿಸಿ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಸಂಜೆ ಹೊಟ್ಟೆಗೆ ಹೋದರೆ ನಿದ್ದೆ ದೂರವಾಗುತ್ತದೆ, ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ರಾತ್ರಿಯಿಡೀ ಎದ್ದು ಓಡಾಡಿಸುತ್ತದೆ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ತಾವಾಗಿಯೇ ಬದಲಿಸಬೇಡಿ. ಬೇರೆಯವರ ನಿದ್ದೆಮಾತ್ರೆಯನ್ನಂತೂ ಮುಟ್ಟಲೇಬೇಡಿ. ತೀವ್ರ ನೋವಿಗೆ ಕೊಡುವ ಮಾರ್ಫೀನ್‌ನೊಂದಿಗೆ ಸೇರಿದರೆ ಅದು ಉಸಿರಾಟವನ್ನೇ ಕುಗ್ಗಿಸಬಲ್ಲದು.

ಹಗಲಿನಲ್ಲಿ ಇರುವ ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡಬೇಕು. ಸ್ನಾನವನ್ನೇ ನೋಡಿ: ಸೋಪು, ನೀರು ಕೈಗೆಟಕುವಂತಿಟ್ಟುಕೊಂಡು ಜಾರದ ಸ್ಟೂಲಿನ ಮೇಲೆ ಕುಳಿತು ಸ್ನಾನ ಮುಗಿಸಿ, ಮೈ ಉಜ್ಜಿ ಒರೆಸಿಕೊಳ್ಳುವ ಬದಲು ದೊಡ್ಡ ಟವೆಲ್ ಹೊದ್ದು ಸ್ವಲ್ಪ ಹೊತ್ತು ಹಾಗೆಯೇ ಕುಳಿತು, ಉಸಿರು ಹದಕ್ಕೆ ಬಂದ ಮೇಲೆ ಕುಳಿತೇ ಬಟ್ಟೆ ಹಾಕಿಕೊಂಡರೆ, ಮಗುವಿನೊಡನೆ ಮಾತಾಡುವಷ್ಟು ತ್ರಾಣವಾದರೂ ಉಳಿದಿರುತ್ತದೆ. ಮನಸ್ಸಿಗೆ ಬೇಕಾದ ಕೆಲಸಕ್ಕೆ ದಿನದ ಒಳ್ಳೆಯ ಹೊತ್ತನ್ನು ಮೀಸಲಿಡಿ, ಉಳಿದದ್ದನ್ನು ಸಂಕೋಚವಿಲ್ಲದೆ ಬೇರೆಯವರಿಗೆ ಒಪ್ಪಿಸಿ. ಹಾಗೆಂದು ಹಾಸಿಗೆ ಹಿಡಿಯುವುದೂ ಸರಿಯಲ್ಲ: ಆಡದ ಸ್ನಾಯು ಕರಗುತ್ತದೆ, ದಣಿವು ಇನ್ನೂ ಹೆಚ್ಚುತ್ತದೆ. ವೈದ್ಯರು ಒಪ್ಪಿದರೆ ದಿನಕ್ಕೆ 5 ನಿಮಿಷದ ನಡಿಗೆಯಿಂದ ಆರಂಭಿಸಿ.

ಹಗಲಿನ ನಿದ್ದೆ ಮಧ್ಯಾಹ್ನ 3 ಗಂಟೆಯೊಳಗೆ, ಅರ್ಧ ಗಂಟೆ ಮೀರದಂತಿರಲಿ. ಬೆಳಗಿನ ಬೆಳಕು ಕಣ್ಣಿಗೆ ಬೀಳುವಂತೆ ರೋಗಿಯನ್ನು ಕಿಟಕಿಯ ಬಳಿ ಕೂರಿಸಿ.

ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಬಡಬಡಿಕೆ, ಮನೆಯವರ ಗುರುತು ತಪ್ಪುವುದು ಇದ್ದಕ್ಕಿದ್ದಂತೆ ಶುರುವಾದರೆ ಅದನ್ನು ನಿದ್ದೆಗೇಡೆಂದು ಕಡೆಗಣಿಸಬೇಡಿ. ಸೋಂಕು, ಮೂತ್ರ ಕಟ್ಟಿರುವುದು, ಔಷಧದ ಪರಿಣಾಮ, ಯಾವುದಾದರೂ ಇರಬಹುದು. ಅಂದೇ ವೈದ್ಯರಿಗೆ ತಿಳಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ ಒಂದು ಕ್ಷಣವೂ ಕಾಯದೆ ತುರ್ತು ನೆರವು ಕರೆಯಿರಿ.