ಹಳೆಯ ಬೆಂಕಿ ನಂದಿಸುವ ಸಾಧನಗಳನ್ನು ಸಂಗ್ರಹಿಸುವವರಿಗೆ

ಕೊಡಗಿನ ಹಳೆಯ ಕಾಫಿ ತೋಟದ ಬಂಗಲೆಗಳಲ್ಲಿ ಬ್ರಿಟಿಷರ ಕಾಲದ ಬೆಂಕಿ ನಂದಿಸುವ ಸಾಧನಗಳು ಸಿಕ್ಕರೆ, ಉಜ್ಜಿ ಹೊಳಪು ತರುವ ಮೊದಲು ಒಳಗೇನಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಕೈಪಂಪಿನಂತಿರುವ, ಪೈರೀನ್ ಎಂಬ ಕಂಪನಿಯ ಮಾದರಿಯ ಹಿತ್ತಾಳೆಯ ಸಾಧನವನ್ನು ಮೆಲ್ಲಗೆ ಓರೆ ಮಾಡಿದಾಗ ದ್ರವ ಕುಲುಕಿದ ಸದ್ದು ಕೇಳಿದರೆ, ಅದು ಯಕೃತ್ತಿಗೆ ಹಾನಿ ಮಾಡುವ, ಬೆಂಕಿಯ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವನ್ನೂ ಹೊಮ್ಮಿಸಬಲ್ಲ ಕಾರ್ಬನ್ ಟೆಟ್ರಾಕ್ಲೋರೈಡ್ ಆಗಿರುವ ಸಂಭವ ಹೆಚ್ಚು. ಆದ್ದರಿಂದ ಅದನ್ನು ತೆರೆಯದೆ, ಮನೆಯೊಳಗೂ ಇಡದೆ, ಅಪಾಯಕಾರಿ ರಾಸಾಯನಿಕಗಳ ವಿಲೇವಾರಿ ಬಲ್ಲವರಿಗೇ ಒಪ್ಪಿಸಬೇಕು. ಅಡುಗೆ ಸೋಡಾ ಕರಗಿಸಿದ ನೀರಿಗೆ ಆಮ್ಲ ಬೆರೆತಾಗ ಹುಟ್ಟುವ ಅನಿಲದ ಒತ್ತಡದಿಂದ ನೀರು ಚಿಮ್ಮಿಸುವ ಸೋಡಾ-ಆಸಿಡ್ ಮಾದರಿಯ ತಾಮ್ರದ ಸಿಲಿಂಡರಿನಲ್ಲಿ ಗಂಧಕಾಮ್ಲದ ಗಾಜಿನ ಶೀಶೆ ಉಳಿದಿರಬಹುದು, ಆ ಸಿಲಿಂಡರನ್ನು ಬೋರಲು ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಹಿತ್ತಾಳೆ ಕಿಲುಬು ಹಿಡಿಯುವುದು ಸಹಜವಾದರೂ, ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ತಯಾರಕರ ಹೆಸರು ಕೊರೆದ ಫಲಕವನ್ನು ಮಾತ್ರ ಮುಟ್ಟದಿರಿ. ವಸ್ತುವಿನ ಕಾಲವನ್ನು ಗುರುತಿಸಲು ಅದಕ್ಕಿಂತ ನಂಬಲರ್ಹವಾದ ಆಧಾರ ನನಗೆ ಬೇರೆ ಕಂಡಿಲ್ಲ.