ಎಂಟು ಜನ, ಒಂದು ಯಂತ್ರ, ಒಂದು ನಿಜವಾದ ಗೋಡೆ: ಮಣ್ಣಿನ ಇಟ್ಟಿಗೆ ಕೆಲಸ ಕಲಿಸುವುದು ಹೇಗೆ?

ನಾನು ಕುಣಿಗಲ್ ತಾಲ್ಲೂಕಿನ ಗಾರೆ ಮೇಸ್ತ್ರಿ. ಕರಣೆ ಹಿಡಿದು ಮೂವತ್ತು ವರ್ಷ ದಾಟಿತು. ಒಂಬತ್ತು ವರ್ಷದಿಂದ ಓದು ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗೆ ಸುಡದ ಮಣ್ಣಿನ ಇಟ್ಟಿಗೆಯನ್ನು ಯಂತ್ರದಲ್ಲಿ ಒತ್ತುವುದು, ಅದರಲ್ಲಿ ಗೋಡೆ ಕಟ್ಟುವುದು ಕಲಿಸುತ್ತಿದ್ದೇನೆ. "ನಮ್ಮೂರಲ್ಲೂ ಶುರು ಮಾಡಬೇಕು ಅಣ್ಣಾ, ಎಲ್ಲಿಂದ ಹಿಡಿಯೋದು?" ಎಂದು ಬೇರೆ ಊರಿನವರು ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಟ್ಟಲು ಒಂದು ಮನೆ ಹುಡುಕಿ, ಆಮೇಲೆ ಹುಡುಗರನ್ನು ಹುಡುಕಿ. ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಮೊದಲ ವರ್ಷ ಎಂಟು ಜನರನ್ನು ಸೇರಿಸಿ, ಬೆಳಿಗ್ಗೆ ಬರೀ ಕೆಸರಲ್ಲಿ ಗೋಡೆ ಕಟ್ಟಿಸಿ ಸಂಜೆ ಕೆಡವಿಸುತ್ತಿದ್ದೆ. ಕೈ ಪಳಗಲಿ ಅನ್ನೋದು ನನ್ನ ಲೆಕ್ಕ. ಮೂರನೇ ವಾರಕ್ಕೆ ಮೂರೇ ಜನ ಉಳಿದರು. ಬಿಟ್ಟು ಹೋದ ಒಬ್ಬ ಹುಡುಗನ ಮನೆಗೆ ಹೋಗಿ ಕೇಳಿದೆ. "ಅಣ್ಣಾ, ಸಂಜೆ ಕೆಡವೋದೇ ಆದ್ರೆ ಬೆಳಿಗ್ಗೆ ಯಾಕೆ ಕಟ್ಟಬೇಕು? ಕಾಯಿ ಸುಲಿಯೋಕೆ ಹೋದ್ರೆ ಸಂಜೆಗೆ ದುಡ್ಡು ಬರುತ್ತೆ" ಎಂದ. ಅವರಮ್ಮ ಬಾಗಿಲಲ್ಲಿ ನಿಂತು ಏನೂ ಮಾತಾಡಲಿಲ್ಲ. ಆ ಮನೆಗೆ ಅವನ ಕೂಲಿ ಬೇಕಿತ್ತು. ಪುಕ್ಕಟೆ ತರಬೇತಿ ಅಂದರೂ ಅವನಿಗೆ ಅದು ಪುಕ್ಕಟೆ ಅಲ್ಲ. ದಿನದ ಕೂಲಿ ಹೋಗುತ್ತೆ ಅಲ್ವಾ?

ಅದಕ್ಕೇ ಈಗ ಒಂದು ನಿಜವಾದ ಕೆಲಸ ಸಿಗೋವರೆಗೂ ತಂಡ ಸೇರಿಸುವುದಿಲ್ಲ. ಅಂಗನವಾಡಿಗೆ ಕಾಂಪೌಂಡ್, ಯಾರದೋ ತೋಟದ ಮನೆ, ಒಂದು ದನದ ಕೊಟ್ಟಿಗೆ, ಯಾವುದಾದರೂ ಸರಿ. ಮಾಲೀಕರಿಗೆ ಬಾಯಿ ಬಿಟ್ಟು ಹೇಳುತ್ತೇನೆ: ಕಲಿಯುವವರ ಕೈ, ನಿಧಾನ ಆಗುತ್ತೆ, ಆದರೆ ಪ್ರತಿ ಇಟ್ಟಿಗೆ ಸಾಲಿಗೂ ತೂಗುಗುಂಡು ಹಿಡಿಯೋನು ನಾನೇ. ಅವರು ಇಟ್ಟಿಗೆಗೆ ಮತ್ತು ಗೋಡೆಗೆ ಕೊಡುವ ದುಡ್ಡಿನಿಂದ ಹುಡುಗರಿಗೆ ಮೊದಲ ದಿನದಿಂದಲೇ ದಿನಗೂಲಿ ಹೋಗಬೇಕು. ಪೂರ್ತಿ ಕೂಲಿ ಆಗದಿದ್ದರೆ ಅರ್ಧವಾದರೂ ಕೊಡಿ, ಶನಿವಾರ ತಪ್ಪದೆ ಕೊಡಿ. ಮಧ್ಯಾಹ್ನದ ಊಟ ಬೇರೆ.

ತಂಡಕ್ಕೆ ಎಂಟು ಜನ ಸಾಕು. ಯಂತ್ರದ ಕೆಲಸವೇ ಹಾಗಿದೆ. ಇಬ್ಬರು ಅಗೆದು ಜರಡಿ ಹಿಡಿಯಬೇಕು, ಇಬ್ಬರು ಕಲಸಬೇಕು, ಒಬ್ಬರು ತೂಗಬೇಕು, ಇಬ್ಬರು ಒತ್ತಬೇಕು, ಒಬ್ಬರು ಹೊತ್ತು ಜೋಡಿಸಬೇಕು. ದಿನಾ ಜಾಗ ಬದಲಿಸಿ. 18 ತುಂಬಿದವರನ್ನು ಮಾತ್ರ ಸೇರಿಸಿಕೊಳ್ಳಿ, ಆಧಾರ್ ನೋಡಿಯೇ. ಅಂಕಪಟ್ಟಿ ಕೇಳಬೇಡಿ. ಮೂರು ದಿನ ಬೆಳಿಗ್ಗೆ ಎಂಟಕ್ಕೆ ಸುಮ್ನೆ ಬಂದು ನೋಡು ಎನ್ನಿ. ಮೂರೂ ದಿನ ಬಂದವರು ನಿಲ್ಲುತ್ತಾರೆ.

ಹುಡುಗಿಯರ ಬಗ್ಗೆ ಒಂದು ಮಾತು. ನಮ್ಮ ಕೆಲಸದಲ್ಲಿ ಹೆಣ್ಣಾಳು ಅಂದರೆ ಬಾಂಡ್ಲಿ ಹೊರುವವಳು. ಇಪ್ಪತ್ತು ವರ್ಷ ಹೊತ್ತರೂ ಅವಳ ಕೈಗೆ ಯಾರೂ ಕರಣೆ ಕೊಡುವುದಿಲ್ಲ, ಕೂಲಿಯೂ ಕಡಿಮೆ. ಇದು ಅನ್ಯಾಯ. ನಾನೂ ಬಹಳ ವರ್ಷ ಅದನ್ನೇ ಮಾಡಿದವನು. ಈಗ ಮೊದಲ ಕರಣೆ ಹುಡುಗಿಯರಿಗೇ ಕೊಡುತ್ತೇನೆ. ನನ್ನ ನಾಲ್ಕನೇ ತಂಡದಲ್ಲಿದ್ದ ಒಬ್ಬಳು ಇವತ್ತು ಸ್ವಂತ ಕೆಲಸ ಹಿಡಿಯುತ್ತಾಳೆ. ಅವಳ ಕೈಕೆಳಗೆ ಇಬ್ಬರು ಗಂಡಾಳುಗಳಿದ್ದಾರೆ.

ಯಂತ್ರ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನಾನು ಬಳಸುವುದು ಮರ್ದಿನಿ. ಕೈಯಿಂದಲೇ ಒತ್ತುವುದು, ಕರೆಂಟ್ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದೇ ಅವರ ಕೆಲಸವಾಗಿತ್ತು. ಅವರು ಪ್ರಯೋಗ ನಡೆಸಿದ್ದು ನಮ್ಮದೇ ತಾಲ್ಲೂಕಿನ ಉಂಗ್ರದಲ್ಲಿ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಂದದ್ದು ಆ ವಿಭಾಗದಿಂದಲೇ, ಈ ಇಟ್ಟಿಗೆ ಯಂತ್ರವೂ ಅಷ್ಟೆ. ಇದನ್ನು ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ. ಮಣ್ಣಿನ ಮನೆ ಅಂದರೆ ಬಡವರ ಮನೆ ಎಂಬ ನಾಚಿಕೆ ಅವರಿಗಿರುತ್ತದೆ. ದೊಡ್ಡ ದೊಡ್ಡ ವಿಜ್ಞಾನಿಗಳು ನಮ್ಮ ತಾಲ್ಲೂಕಿಗೆ ಬಂದು ಇದೇ ಮಣ್ಣಿನ ಮೇಲೆ ಕೆಲಸ ಮಾಡಿದ್ದಾರೆ ಎಂದಾಗ ಮುಖ ಬೇರೆಯಾಗುತ್ತದೆ.

ಮೊದಲ ವಾರ ಯಂತ್ರ ಮುಟ್ಟಿಸಬೇಡಿ. ಮಣ್ಣು ನೋಡಲು ಕಲಿಸಿ. ಮೇಲಿನ ಒಂದಡಿ ಮಣ್ಣಲ್ಲಿ ಬೇರು, ಗೊಬ್ಬರ ಇರುತ್ತೆ. ಅದು ಇಟ್ಟಿಗೆಗೆ ಆಗುವುದಿಲ್ಲ. ಬಿಸಾಡಬೇಡಿ, ಬದಿಗೆ ರಾಶಿ ಹಾಕಿಸಿ. ಆ ಮಣ್ಣಲ್ಲೇ ಸೊಪ್ಪಿನ ಮಡಿ ಮಾಡಿದರೆ ಮಧ್ಯಾಹ್ನದ ಊಟಕ್ಕೆ ದಂಟು, ಮೆಂತ್ಯ ಆಗುತ್ತೆ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಭಾಗ ಹಾಕಿ, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ಕೆಳಗೆ ಕೂರುತ್ತೆ. ಅದರ ಮೇಲೆ ಸಣ್ಣ ಹೂಳು. ಜೇಡಿ ಕೂರಲು ಒಂದು ದಿನ ಬೇಕು. ಮಾರನೇ ದಿನ ಸ್ಕೇಲ್ ಹಿಡಿದು ಪದರ ಅಳೆಯಿರಿ. ಮೂರರಲ್ಲಿ ಎರಡು ಭಾಗ ಮರಳಿದ್ದರೆ ಒಳ್ಳೆ ಮಣ್ಣು. ಜೇಡಿ ಜಾಸ್ತಿ ಇದ್ದರೆ ಮರಳೋ ಕಲ್ಲುಪುಡಿಯೋ ಸೇರಿಸಿ. ನಮ್ಮ ಕಡೆಯ ಕೆಮ್ಮಣ್ಣು ಇದಕ್ಕೆ ಒಗ್ಗುತ್ತದೆ. ಎರೆಮಣ್ಣಿನ ಸೀಮೆಯವರು ಹುಷಾರಾಗಿರಿ. ಅದು ನೀರು ಕುಡಿದು ಉಬ್ಬುತ್ತೆ, ಒಣಗಿ ಬಿರಿಯುತ್ತೆ. ಸುಮ್ನೆ ಸಿಮೆಂಟ್ ಹಾಕಿದರೆ ಸರಿಹೋಗುವುದಿಲ್ಲ.

ಇನ್ನು ಕಲಸುವುದು. ಜರಡಿ ಹಿಡಿದ ಒಣ ಮಣ್ಣು 700 ಕೆ.ಜಿ.ಗೆ ಒಂದು ಮೂಟೆ ಸಿಮೆಂಟ್, ಅಂದರೆ ನೂರಕ್ಕೆ ಏಳು. ಮೊದಲು ಒಣಗಿದ್ದಾಗಲೇ ಬಣ್ಣ ಒಂದೇ ಆಗುವ ತನಕ ತಿರುವಬೇಕು. ಆಮೇಲೆ ನೀರು ಚಿಮುಕಿಸಬೇಕು, ಸುರಿಯಬಾರದು. ಒಂದು ಮೂಟೆ ಸಿಮೆಂಟನ್ನು ಒಂದೇ ಸಲ ಕಲಸಬೇಡಿ. ಅರ್ಧ ಗಂಟೆಯಲ್ಲಿ ಒತ್ತಿ ಮುಗಿಯುವಷ್ಟೇ ಕಲಸಿ. ಹದ ನೋಡಲು ಮುಷ್ಟಿಯಲ್ಲಿ ಉಂಡೆ ಮಾಡಿ ಎದೆಮಟ್ಟದಿಂದ ಬಿಡಿ. ಪುಡಿಪುಡಿ ಆದರೆ ನೀರು ಕಮ್ಮಿ. ಒಡೆಯದೆ ಚಪ್ಪಟೆ ಆದರೆ ಜಾಸ್ತಿ. ನಾಲ್ಕೈದು ಹೋಳಾದರೆ ಹದ ಸರಿ. ರಾಗಿ ಮುದ್ದೆ ಹದ ಗೊತ್ತಿರುವ ಹುಡುಗಿಯರು ಇದನ್ನು ಬೇಗ ಹಿಡಿಯುತ್ತಾರೆ.

ಪ್ರತಿ ಇಟ್ಟಿಗೆಗೂ ಮಣ್ಣು ತೂಗಿಯೇ ಹಾಕಿಸಿ. ನಮ್ಮ ಅಚ್ಚು 230 ಮಿ.ಮೀ. ಉದ್ದ, 190 ಅಗಲ, 100 ಎತ್ತರ. ಹಸಿ ಮಣ್ಣು ಎಂಟೂವರೆಯಿಂದ ಒಂಬತ್ತು ಕೆ.ಜಿ. ಹಿಡಿಯುತ್ತೆ. ತೂಕ ಕಮ್ಮಿಯಾದರೆ ಇಟ್ಟಿಗೆ ಪೊಳ್ಳು, ನೋಡಲು ಮಾತ್ರ ಚೆಂದ. ಒಂದು ಮೂಟೆ ಸಿಮೆಂಟಿಗೆ 90ರಿಂದ 95 ಇಟ್ಟಿಗೆ ಬರಬೇಕು. ಬರದಿದ್ದರೆ ಎಲ್ಲಿ ತಪ್ಪಿತು ಅಂತ ಹುಡುಗರೇ ಲೆಕ್ಕ ಹಾಕಲಿ. ಯಂತ್ರದ ಸಲಾಕೆ ಎಳೆಯುವವನ ಎದುರು ಯಾರೂ ನಿಲ್ಲಕೂಡದು, ಮುಚ್ಚಳದ ಹತ್ತಿರ ಬೆರಳು ಇಡಕೂಡದು. ಸಿಮೆಂಟ್ ಕೈ ಸುಡುತ್ತೆ, ಗ್ಲೌಸ್ ಕೊಡಿ. ಜರಡಿ ಹಿಡಿಯುವಾಗ ಮೂಗಿಗೆ ಮಾಸ್ಕ್.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆ ಇಟ್ಟು ಇಟ್ಟಿಗೆ ಗಟ್ಟಿಯಾಗಲು ಬಿಡುವುದು. ಒಮ್ಮೆ ಹಬ್ಬ ಬಂತು, ಎರಡು ದಿನ ರಜೆ ಕೊಟ್ಟೆ. ನೀರು ಹಾಕುವ ಪಾಳಿ ಯಾರದೆಂದು ಹೇಳಿರಲಿಲ್ಲ. ಬಿಸಿಲಿಗೆ ಒಣಗಿದ ಮುನ್ನೂರು ಇಟ್ಟಿಗೆ ಮೂಲೆ ಉದುರಿ ಕೂತವು. ಬೆವರು ಸುರಿಸಿ ಮಾಡಿದ್ದನ್ನು ಆ ಮಕ್ಕಳು ಕೈಯಲ್ಲೇ ಪುಡಿ ಮಾಡಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒತ್ತಿದ ಇಟ್ಟಿಗೆಯನ್ನು ನೆರಳಲ್ಲಿ ಜೋಡಿಸಿ, ಗೋಣಿಚೀಲವೋ ಹುಲ್ಲೋ ಹೊದಿಸಿ, ಮೂರು ವಾರ ಒದ್ದೆ ಆರದಂತೆ ನೋಡಿಕೊಳ್ಳಬೇಕು. ಪಾಳಿ ಪಟ್ಟಿ ಗೋಡೆಗೆ ಅಂಟಿಸಿ. ಭಾನುವಾರಕ್ಕೂ ಹೆಸರು ಇರಲಿ. ಸುಡುವ ಇಟ್ಟಿಗೆಗೆ ಸೌದೆ ಬೇಕು, ಇದಕ್ಕೆ ಬೇಡ. ಆದರೆ ಬೆಂಕಿಯ ಕೆಲಸವನ್ನು ಇಲ್ಲಿ ನೀರೇ ಮಾಡಬೇಕು. ಮೂರು ವಾರವಾದ ಮೇಲೆ ಒಂದನ್ನು ಒಂದು ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಮೊಳೆಯಿಂದ ಗೀಚಿ. ಅಂಚು ಗಟ್ಟಿಯಿದ್ದರೆ ಗೋಡೆಗೆ ಕಳಿಸಿ.

ಗೋಡೆ ಕೆಲಸಕ್ಕೆ ಹೊಸದೇನಿಲ್ಲ, ಮೇಸ್ತ್ರಿಗಳಿಗೆ ಗೊತ್ತಿರುವುದೇ. ಪಾಯ ಮತ್ತು ನೆಲಗಟ್ಟು ಸೈಜುಗಲ್ಲಲ್ಲಿ ಇರಲಿ, ಚಾವಣಿ ಅಂಚು ಎರಡಡಿ ಮುಂದೆ ಚಾಚಲಿ, ಮಳೆ ಗೋಡೆಗೆ ಹೊಡೆಯಬಾರದು. ಗಾರೆಗೆ ಒಂದು ಪಾಲು ಸಿಮೆಂಟ್, ಎರಡು ಮಣ್ಣು, ಆರು ಮರಳು. ಮೂಲೆ ಇಡುವಾಗ ದಾರದಲ್ಲಿ ಮೂರಡಿ, ನಾಲ್ಕಡಿ, ಐದಡಿಯ ತ್ರಿಕೋನ ಹಿಡಿಸಿ, ಮೂಲೆ ನೇರ ಬರುತ್ತೆ. ಶಾಲೆಯ ಪೈಥಾಗೊರಸ್ ಪಾಠ ಇದೇ. ಗಣಿತಕ್ಕೆ ಹೆದರಿ ಶಾಲೆ ಬಿಟ್ಟ ಹುಡುಗ ಅಲ್ಲೇ ಕೂತು "ಇದಾ ಅದು?" ಎಂದಿದ್ದಾನೆ. ಹತ್ತಡಿ ಉದ್ದ ಐದಡಿ ಎತ್ತರದ ಗೋಡೆಗೆ ಎಷ್ಟು ಇಟ್ಟಿಗೆ? ಅವರೇ ಹಾಕಲಿ ಲೆಕ್ಕ. ಸುಮಾರು 175 ಬರುತ್ತೆ.

ಮಣ್ಣು ತೆಗೆದ ಗುಂಡಿಯನ್ನು ಹಾಗೇ ಬಿಡಬೇಡಿ. ಮಾಲೀಕರಿಗೆ ಮೊದಲೇ ಹೇಳಿ, ಮಳೆನೀರಿನ ಸಂಪು ಬೇಕಾದ ಕಡೆಯೇ ಅಗೆಸಿ. ಸಾವಿರ ಚದರಡಿ ಚಾವಣಿಗೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರ್ ನೀರು. ಹೀಗೆ ಒಂದೇ ಅಗೆತದಲ್ಲಿ ಇಟ್ಟಿಗೆ, ಸಂಪು, ಸೊಪ್ಪಿನ ಮಡಿ ಮೂರೂ ಆಗುತ್ತವೆ. ಪರಿಸರದ ಪಾಠ ಅಂತ ನಾನು ಬೇರೆ ಹೇಳುವುದಿಲ್ಲ.

ಕೊನೆಯ ಎರಡು ವಾರ ದುಡ್ಡಿನ ಮಾತು ಕಲಿಸಿ. ಚದರಡಿ ರೇಟ್ ಹೇಳುವುದು, ಮುಂಗಡ ಕೇಳುವುದು, ಕೂಲಿ ಬರೆದಿಡುವುದು. ಇದು ಗೊತ್ತಿಲ್ಲದೆ ಒಳ್ಳೆ ಕೈಯ ಹುಡುಗರು ಬೇರೆಯವರ ಕೈಕೆಳಗೇ ಉಳಿದುಬಿಡುತ್ತಾರೆ. ಇನ್ನೂ ಕಲಿಯಬೇಕು ಅನ್ನುವವರನ್ನು ಬ್ಯಾಂಕ್‌ನವರು ಜಿಲ್ಲೆಯಲ್ಲಿ ನಡೆಸುವ ಸ್ವಂತ ಉದ್ಯೋಗದ ತರಬೇತಿ ಕೇಂದ್ರಕ್ಕೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಆರ್‌ಸೆಟಿಗಳು ಅವು. ಊಟ, ವಸತಿ, ತರಬೇತಿ ಉಚಿತ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾತ್ರ ಮರೆಯಬೇಡಿ. 18ರಿಂದ 60 ವರ್ಷದವರಿಗೆ ಸಿಗುತ್ತೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅದಕ್ಕೆ ನಾನು ಸೇರಿದ ದಿನವೇ ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್ ಕೊಡುತ್ತೇನೆ. ಸಂಜೆ ಕೈ ತೊಳೆದು ತಾರೀಕು, ಜಾಗ, ಮಾಡಿದ ಕೆಲಸ ಬರೆಯಬೇಕು. ನಾನು ಸಹಿ ಹಾಕುತ್ತೇನೆ. ತೊಂಬತ್ತನೇ ಸಾಲು ಬರೆದ ಸಂಜೆ ಕರಣೆ, ತೂಗುಗುಂಡು, ರಸಮಟ್ಟ, ಮೂಲೆಮಟ್ಟ, ದಾರ ಇರುವ ಒಂದು ಚೀಲ ಅವರದಾಗುತ್ತದೆ.