ಹೃದಯದ ಸ್ನಾಯು ಉಳಿಸುವ ಹೊಸ ಚಿಕಿತ್ಸೆ ಅಂತ ಸುದ್ದಿ ಬಂದರೆ ಹೀಗೆ ಓದಿ

ಮೊದಲು ನೋಡಬೇಕಾದ್ದು, ಪ್ರಯೋಗ ಯಾರ ಮೇಲೆ ನಡೆದಿದೆ? ಇಲಿ, ನಾಯಿ, ಹಂದಿ ಅಂತಿದ್ದರೆ ಸ್ವಲ್ಪ ತಡೆಯಿರಿ. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷ ನಾಲ್ಕು ಸಲ ಮುಚ್ಚಿ ತೆರೆದರು, ಆಮೇಲೆ 40 ನಿಮಿಷ ಮುಚ್ಚಿದಾಗ ಸ್ನಾಯುವಿಗಾದ ಹಾನಿ ಹೀಗೆ ಮೊದಲೇ ಮುಚ್ಚಿ ತೆರೆಯದ ನಾಯಿಗಳಿಗೆ ಆದದ್ದರ ಕಾಲು ಭಾಗದಷ್ಟೇ ಇತ್ತು. ಎಂಥ ಅದ್ಭುತ ಅಲ್ವಾ! ತೋಳಿನ ರಕ್ತವನ್ನು ಹೀಗೇ ತಡೆದು ಬಿಟ್ಟರೂ ಹೃದಯದ ಸ್ನಾಯು ಉಳಿದೀತು ಅನ್ನೋ ಆಸೆಯಿಂದ ಹೃದಯಾಘಾತವಾದ 5,000ಕ್ಕೂ ಜಾಸ್ತಿ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ತೋಳಿಗೆ ಬಿಪಿ ಪಟ್ಟಿಯಂಥದ್ದನ್ನು ಕಟ್ಟಿ ಬಿಗಿದು ಸಡಿಲಿಸಿ ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಸಾವೂ ಕಡಿಮೆಯಾಗಲಿಲ್ಲ, ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಆಗಿ ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ.

ಆಮೇಲೆ, ಅಳೆದದ್ದು ಏನು? ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಇಳಿಯಿತು ಅಂದರೆ ಸಾಲದು, ಜನ ಜಾಸ್ತಿ ದಿನ ಬದುಕಿದರಾ ಅಂತ ಹುಡುಕಿ.

"ಹೃದಯ ಮತ್ತೆ ಬೆಳೆಯುತ್ತದೆ" ಅಂದರೆ ಇನ್ನೂ ಹುಷಾರು. 25ರ ವಯಸ್ಸಿನಲ್ಲೂ ವರ್ಷಕ್ಕೆ ಸುಮಾರು ಶೇ 1ರಷ್ಟು ಸ್ನಾಯು ಕೋಶಗಳು ಮಾತ್ರ ಹೊಸದಾಗುತ್ತವೆ.

ಎದೆನೋವು ಬಂದಾಗ ಮಾತ್ರ ಓದುತ್ತಾ ಕೂರಬೇಡಿ. ಮುಚ್ಚಿದ ರಕ್ತನಾಳ ಎಷ್ಟು ಬೇಗ ತೆರೆದರೆ ಅಷ್ಟು ಸ್ನಾಯು ಉಳಿಯುತ್ತದೆ, ತಕ್ಷಣ 108ಕ್ಕೆ ಫೋನ್ ಮಾಡಿ.